ಆಸ್ಪತ್ರೆಯಲ್ಲಿ ಹೊಳೆದ ಸೀಳು

1917ರಲ್ಲಿ ಜರ್ಮನಿಯ ಗುಸ್ಟಾವ್ ಲಾಖ್ಮನ್ ಎಂಬ ತರುಣನ ವಿಮಾನ ಬಿತ್ತು. ಕುದುರೆ ದಂಡಿನಿಂದ ವಿಮಾನಕ್ಕೆ ಬಂದವನು. ವೇಗ ಇಳಿದು, ಮೂತಿ ಮೇಲೆದ್ದು, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡಿತ್ತು. ಆಸ್ಪತ್ರೆಯಲ್ಲಿ ಮಲಗಿಯೇ ಅವನು ಅದರ ಮರ್ಮ ಹುಡುಕತೊಡಗಿದ. ರೆಕ್ಕೆ ಹೆಚ್ಚು ಓರೆಯಾದಾಗ ಅದರ ಬೆನ್ನಿನ ಮೇಲಿನ ಗಾಳಿ ಕಿತ್ತು ಹೋಗುತ್ತದೆ. ರೆಕ್ಕೆಯನ್ನೇ ಉದ್ದಕ್ಕೆ ಸೀಳಿ, ಕೆಳಗಿನ ಗಾಳಿಯನ್ನು ಮೇಲಕ್ಕೆ ಹಾಯಿಸಿದರೆ?

ಪೇಟೆಂಟ್ ಕೇಳಿದರೆ ಕಚೇರಿ ಒಪ್ಪಲಿಲ್ಲ. ತೂತು ಬಿದ್ದ ರೆಕ್ಕೆ ಯಾರನ್ನು ಹೊತ್ತೀತು! ಕೊನೆಗೆ ಗಾಟಿಂಗೆನ್‌ನ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಗಾಳಿ ಸುರಂಗದಲ್ಲಿ ಪರೀಕ್ಷಿಸಿದಾಗ ಎತ್ತುವ ಬಲ ಅರ್ಧಕ್ಕೂ ಮಿಕ್ಕಿ ಹೆಚ್ಚಿತು. ಅಷ್ಟರಲ್ಲಿ ಇಂಗ್ಲೆಂಡಿನ ವಿಮಾನ ತಯಾರಕ ಹ್ಯಾಂಡ್ಲಿ ಪೇಜ್ ಕೂಡ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡಿದ್ದ. ಇಬ್ಬರೂ ಜಗಳವಾಡದೆ ರಾಜಿಯಾದರು. ಮುಂದೆ ಲಾಖ್ಮನ್ ಪೇಜ್‌ನ ಕಂಪನಿಯಲ್ಲೇ ಕೆಲಸ ಮಾಡಿದ. ಅಮೆರಿಕದ ಹಾರ್ಲನ್ ಫೌಲರ್ 1920ರ ದಶಕದಲ್ಲಿ ರೆಕ್ಕೆಯ ಹಿಂದಿನ ಅಂಚಿನಲ್ಲಿ ಹಿಂದಕ್ಕೆ ಜಾರಿ ಕೆಳಗೆ ಬಾಗುವ ಫ್ಲ್ಯಾಪ್ ರೂಪಿಸಿದ. ಇಂದಿನ ಅನೇಕ ಜೆಟ್‌ಗಳಲ್ಲಿ ಸೀಳೂ ಇದೆ, ಜಾರುವಿಕೆಯೂ ಇದೆ.

ವಿಮಾನ ಇಳಿಯುವ ಹೊತ್ತಿಗೆ ಈ ಫ್ಲ್ಯಾಪೇ ಸಿಕ್ಕಿಕೊಂಡರೆ? ಒಂದು ರೆಕ್ಕೆಯಲ್ಲಿ ಇಳಿದು ಇನ್ನೊಂದರಲ್ಲಿ ಇಳಿಯದಿದ್ದರೆ ವಿಮಾನ ಮಗುಚಬಹುದು. ಆದ್ದರಿಂದ ಎಡಬಲದಲ್ಲಿ ವ್ಯತ್ಯಾಸ ಕಂಡೊಡನೆ ಫ್ಲ್ಯಾಪ್ ಇದ್ದಲ್ಲೇ ನಿಲ್ಲುವ ವ್ಯವಸ್ಥೆ ಪ್ರಯಾಣಿಕ ವಿಮಾನಗಳಲ್ಲಿದೆ. ಹಾಗೆ ನಿಂತದ್ದನ್ನು ಹಿಡಿಕೆ ಎಳೆದಾಡಿ ಬಿಡಿಸಲು ಹೋಗಬಾರದು. ಪೈಲಟ್ ಮತ್ತೆ ಮೇಲೇರಿ, ಚೆಕ್‌ಲಿಸ್ಟ್ ತೆಗೆದು, ಹೊಸ ವೇಗದ ಲೆಕ್ಕ ಹಾಕುತ್ತಾನೆ. ಫ್ಲ್ಯಾಪ್ ಇಲ್ಲದ ರೆಕ್ಕೆಗೆ ಹೆಚ್ಚು ವೇಗ ಬೇಕು. ನಿಧಾನ ಮಾಡಿದರೆ ಲಾಖ್ಮನ್‌ಗೆ ಆದದ್ದೇ ಆಗುತ್ತದೆ.

ಆ ವೇಗದ ಬೆಲೆ ತೆರುವುದು ನೆಲದ ಮೇಲೆ. ವೇಗ ಶೇ. 20 ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಶೇ. 44 ಏರುತ್ತದೆ, ಉದ್ದದ ರನ್‌ವೇ ಬೇಕೇ ಬೇಕು. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿ ಬಳಿ ಶುರುವಾದ ನಮ್ಮ ಕಲಬುರಗಿ ನಿಲ್ದಾಣದ ರನ್‌ವೇ 3 ಕಿ.ಮೀ.ಗೂ ಉದ್ದ. ಚಿಕ್ಕ ವಿಮಾನಗಳಿಗೆ ಇಷ್ಟುದ್ದ ಯಾಕೆ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ, ಇಂಥ ದಿನಕ್ಕೇ ಅದು.

ಇಳಿಯುತ್ತಿದ್ದ ವಿಮಾನ ಮತ್ತೆ ಮೇಲೆದ್ದು ಕೆಂಪು ಬಾಳೆಯ ಕಮಲಾಪುರದ ಕಡೆ ಸುತ್ತು ಹೊಡೆದರೆ ಗಾಬರಿಯಾಗಬೇಡಿ. ಬೆಲ್ಟ್ ಬಿಗಿದುಕೊಂಡು ಕೂತಿರಿ, ಮುಂದೆ ಲೆಕ್ಕ ನಡೆದಿರುತ್ತದೆ.