ಭಂಡಾರಿಗರ ನೆಲದಲ್ಲಿ ಪ್ರಾಂಪ್ಟ್

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದ್ ಕಡೆಗೆ ಹೊರಟ ರೈಲು ಚಿತ್ತಾಪುರ, ಮಳಖೇಡ ರೋಡ್ ದಾಟಿ ಸೇಡಂ ಸೇರುತ್ತದೆ. 1874ರಲ್ಲಿ ನಿಜಾಮರ ರೈಲ್ವೆ ಹಾಸಿದ ಹಳಿ ಅದು. ಚಿತ್ತಾಪುರದ ಪಕ್ಕದಲ್ಲೇ ನಾಗಾವಿ. ಅಲ್ಲಿನ ಘಟಿಕಾಸ್ಥಾನದ, ಅಂದರೆ ಉನ್ನತ ವಿದ್ಯಾಕೇಂದ್ರದ, ವಿವರಗಳನ್ನು 1058ರ ಶಾಸನವೊಂದು ಹೇಳುತ್ತದೆ. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲ. ವೇದ ಓದುವ 200 ವಿದ್ಯಾರ್ಥಿಗಳು, ಅವರಲ್ಲದೆ ಶಾಸ್ತ್ರ ಓದುವವರು, ಕಲಿಸಲು ಆರು ಮಂದಿ ಉಪಾಧ್ಯಾಯರು. ಅವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಪಾಠ ಹೇಳುವವರು ಎಷ್ಟೋ, ಪುಸ್ತಕ ಕಾಯುವವರೂ ಅಷ್ಟೇ!

ಭಂಡಾರಕ್ಕೆ ಅಷ್ಟು ಜನ ಬೇಕಾದದ್ದರಲ್ಲಿ ಅಚ್ಚರಿಯಿಲ್ಲ. ತಾಳೆಗರಿಯ ಕಟ್ಟಿಗೆ ಹೊರಗಿನಿಂದ ಗುರುತು ಕಡಿಮೆ. ದಾರ ಬಿಚ್ಚಿ ಓದದೆ ಒಳಗೇನಿದೆ ಎಂದು ತಿಳಿಯುವುದಿಲ್ಲ. ಕೇಳಲು ಬಂದವನಿಗೆ ನಿಜವಾಗಿ ಏನು ಬೇಕು, ಅದು ಯಾವ ಕಟ್ಟಿನಲ್ಲಿದೆ ಎಂಬ ಎರಡೂ ಗೊತ್ತಿದ್ದವರೇ ಭಂಡಾರವನ್ನು ನಡೆಸಬಲ್ಲರು.

ಇಂದು ಅದೇ ಸೀಮೆಯ ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂಬ ಹೆಸರು. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಪುಸ್ತಕ ನಮೂದಿಸುವುದು, ಪಟ್ಟಿ ಮಾಡುವುದು, ಪರೀಕ್ಷೆಗೆ ಓದುವ ಹುಡುಗರಿಗೆ ದಾರಿ ತೋರಿಸುವುದು, ಮಕ್ಕಳಿಗೆ ಕಥೆ ಹೇಳುವುದು, ಎಲ್ಲವೂ ಸಾಮಾನ್ಯವಾಗಿ ಒಬ್ಬ ಮೇಲ್ವಿಚಾರಕರ ಹೆಗಲ ಮೇಲೆ. ಅಂಥವರ ಕೈಯ ಫೋನಿನಲ್ಲಿ ಈಗ ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ಸಾಧನಗಳೂ ಸಿಗುತ್ತವೆ. ಅವುಗಳಿಗೆ ಬರೆದುಕೊಡುವ ಕೋರಿಕೆಯೇ ಪ್ರಾಂಪ್ಟ್. ಅದನ್ನು ಹೇಗೆ ಬರೆಯುತ್ತೇವೆ ಎಂಬುದರ ಮೇಲೆ ಆ ಸಾಧನ ಭಂಡಾರಿಗನಿಗೆ ನೆರವಾಗುತ್ತದೋ ದಾರಿ ತಪ್ಪಿಸುತ್ತದೋ ಎಂಬುದು ನಿಂತಿದೆ.

ಮೊದಲು ಅದು ಕೆಲಸ ಮಾಡುವ ಬಗೆಯನ್ನು ನೋಡಬೇಕು. ಭಾಷಾ ಮಾದರಿಯ ಒಳಗೆ ಕಪಾಟುಗಳಿಲ್ಲ. ಅದು ಅಪಾರ ಪಠ್ಯವನ್ನು ಓದಿಸಿಕೊಂಡು, ಯಾವ ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತಿರುತ್ತದೆ. ಉತ್ತರ ಬರೆಯುವಾಗಲೂ ಪ್ರತಿ ಹೆಜ್ಜೆಯಲ್ಲಿ ಮುಂದಿನ ತುಣುಕನ್ನು ಹೀಗೆಯೇ ಆರಿಸುತ್ತದೆ. ಆದ್ದರಿಂದ ಪುಸ್ತಕದ ಹೆಸರು ಕೇಳಿದರೆ ಪುಸ್ತಕದ ಹೆಸರಿನಂತೆ ಕಾಣುವುದು ಬರುತ್ತದೆ. ಅಂಥ ಪುಸ್ತಕ ಲೋಕದಲ್ಲಿ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಷಿಕಾಗೋ ಸನ್-ಟೈಮ್ಸ್ ಪತ್ರಿಕೆಯ ಪುರವಣಿಯಲ್ಲಿ ಬೇಸಿಗೆ ಓದಿಗೆಂದು 15 ಪುಸ್ತಕಗಳ ಪಟ್ಟಿ ಬಂತು. ಎಐ ನೆರವಿನಿಂದ ತಯಾರಾದ ಆ ಪಟ್ಟಿಯಲ್ಲಿ ಇದ್ದದ್ದು ಐದೇ ನಿಜವಾದ ಪುಸ್ತಕ. ಉಳಿದ ಹತ್ತನ್ನು ಯಾರೂ ಬರೆದೇ ಇರಲಿಲ್ಲ, ಆದರೂ ಪಕ್ಕದಲ್ಲಿ ಇಸಾಬೆಲ್ ಅಯೆಂದೆಯಂಥ ನಿಜ ಲೇಖಕರ ಹೆಸರುಗಳಿದ್ದವು. ಇಂಥ ಪಟ್ಟಿ ಹಿಡಿದು ಓದುಗ ಬಂದಾಗ, ಇಲ್ಲದ ಪುಸ್ತಕಕ್ಕಾಗಿ ಕಪಾಟು ಹುಡುಕಬೇಕಾದವರು ಗ್ರಂಥಪಾಲಕರು.

ಹಾಗಾದರೆ ಪ್ರಾಂಪ್ಟಿನಲ್ಲಿ ಏನಿರಬೇಕು? ಗ್ರಂಥಾಲಯದ ವೃತ್ತಿಗೆ ಇದು ಹಳೆಯ ವಿದ್ಯೆ. ಕಲಬುರಗಿ ಸೀಮೆಯ ಯಾವ ಗ್ರಂಥಾಲಯದಲ್ಲೂ ಕೇಳಬಹುದಾದ ಮಾತು: ‘ಸರ್, ರಾಷ್ಟ್ರಕೂಟರ ಮ್ಯಾಲ ಒಂದು ಬುಕ್ ಕೊಡ್ರಿ.’ ಅನುಭವಿ ಮೇಲ್ವಿಚಾರಕರು ತಕ್ಷಣ ಎದ್ದು ಹೋಗುವುದಿಲ್ಲ. ಯಾವ ಕ್ಲಾಸು, ಪ್ರಬಂಧಕ್ಕೋ ಕೆಎಎಸ್ ಪರೀಕ್ಷೆಗೋ, ಕನ್ನಡದ್ದೇ ಬೇಕೋ, ಎಂದಿಗೆ ಬೇಕು ಎಂದು ಕೇಳುತ್ತಾರೆ. ಅಮೆರಿಕದ ರಾಬರ್ಟ್ ಟೇಲರ್ 1968ರ ಪ್ರಬಂಧವೊಂದರಲ್ಲಿ ಇದನ್ನೇ ಬಿಡಿಸಿ ತೋರಿಸಿದರು. ಓದುಗನ ಒಳಗಿನ ಅಗತ್ಯ ನಾಲ್ಕು ಹಂತ ಇಳಿದು ಬರುತ್ತದೆ, ಕೌಂಟರಿನಲ್ಲಿ ಅವನು ಆಡುವ ಮಾತು ‘ಇಲ್ಲಿ ಇಷ್ಟು ಸಿಗಬಹುದು’ ಎಂದು ತಾನೇ ಕತ್ತರಿಸಿಕೊಂಡ ಕೊನೆಯ ರೂಪ ಎಂಬುದು ಅವರ ವಾದ. ಮರುಪ್ರಶ್ನೆ ಕೇಳಿ ಆ ಕತ್ತರಿಸಿದ ಭಾಗವನ್ನು ಮರಳಿ ಪಡೆಯುವುದೇ ಗ್ರಂಥಪಾಲಕರ ಕಸುಬು. ಎಐ ಸಾಧನವಾದರೋ ಬಹುಪಾಲು ಮರುಪ್ರಶ್ನೆಯಿಲ್ಲದೆ ಉತ್ತರಕ್ಕೇ ಇಳಿಯುತ್ತದೆ. ಆದ್ದರಿಂದ ಕೌಂಟರಿನಲ್ಲಿ ಕೇಳುತ್ತಿದ್ದ ಅಷ್ಟೂ ಪ್ರಶ್ನೆಗಳ ಉತ್ತರವನ್ನು ಮೊದಲೇ ಬರೆದುಕೊಟ್ಟರೆ ಅದೇ ಒಳ್ಳೆಯ ಪ್ರಾಂಪ್ಟ್.

ಉದಾಹರಣೆಗೆ: ‘ಕೆಳಗೆ ನಮ್ಮ ಅರಿವು ಕೇಂದ್ರದಲ್ಲಿರುವ 60 ಇತಿಹಾಸ ಪುಸ್ತಕಗಳ ಪಟ್ಟಿ ಇದೆ. ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಯ ಹುಡುಗಿ ಮಳಖೇಡದ ರಾಷ್ಟ್ರಕೂಟರ ಮೇಲೆ ಎರಡು ಪುಟದ ಪ್ರಬಂಧ ಬರೆಯಬೇಕು. ಈ ಪಟ್ಟಿಯಿಂದ ಮಾತ್ರ ಮೂರು ಪುಸ್ತಕ ಆರಿಸು. ಪ್ರತಿಯೊಂದಕ್ಕೂ ಒಂದು ಸಾಲಿನ ಕಾರಣ ಕೊಡು. ಹೊಂದುವ ಪುಸ್ತಕ ಇಲ್ಲದಿದ್ದರೆ ಇಲ್ಲ ಎಂದು ಬರೆ, ಹೊರಗಿನ ಹೆಸರು ಸೇರಿಸಬೇಡ.’ ಇಲ್ಲಿ ನಿಜವಾದ ಕೆಲಸ ಮಾಡುವುದು ಆ 60 ಹೆಸರುಗಳ ಪಟ್ಟಿ. ಯಂತ್ರ ತನ್ನ ನೆನಪಿನಿಂದ ಹೆಣೆಯುವ ಬದಲು ಕಣ್ಣೆದುರಿನ ಪಠ್ಯದಿಂದ ಹೆಕ್ಕುತ್ತದೆ. ತಪ್ಪು ಪೂರ್ತಿ ಹೋಗದಿದ್ದರೂ ತುಂಬಾ ಇಳಿಯುತ್ತದೆ, ಮತ್ತು ಉಳಿದ ತಪ್ಪನ್ನು ಕಪಾಟಿಗೆ ಹೋಗಿ ಎರಡು ನಿಮಿಷದಲ್ಲಿ ಹಿಡಿಯಬಹುದು.

ಪುಸ್ತಕ ನಮೂದಿಸುವ ಕೆಲಸಕ್ಕೆ ಇನ್ನೂ ಬಿಗಿ ಬೇಕು. ಮಳಖೇಡದ್ದೇ ಆದ ಕವಿರಾಜಮಾರ್ಗವನ್ನು ತೆಗೆದುಕೊಳ್ಳಿ. 1898ರಲ್ಲಿ ಕೆ.ಬಿ. ಪಾಠಕರು ಅಚ್ಚಿಗೆ ತಂದ ಆವೃತ್ತಿ ಅದನ್ನು ರಾಷ್ಟ್ರಕೂಟ ದೊರೆ ನೃಪತುಂಗ ಅಮೋಘವರ್ಷನ ಹೆಸರಿನಲ್ಲೇ ಪ್ರಕಟಿಸಿತು. ಮುಂದೆ ಶ್ರೀವಿಜಯನೇ ಕರ್ತೃ ಎಂಬ ಅಭಿಪ್ರಾಯ ಗಟ್ಟಿಯಾಯಿತು. ಅಮೋಘವರ್ಷನದೆನ್ನುವ ಸಂಸ್ಕೃತದ ಪ್ರಶ್ನೋತ್ತರ ರತ್ನಮಾಲಿಕೆಯನ್ನು ಶಂಕರಾಚಾರ್ಯರದೆಂದು ಹೇಳುವ ಪರಂಪರೆಯೂ ಇದೆ. ‘ಇದರ ಲೇಖಕ ಯಾರು’ ಎಂದು ಬರಿದೇ ಕೇಳಿದರೆ ಯಂತ್ರ ಒಂದೇ ಹೆಸರನ್ನು ಧೈರ್ಯವಾಗಿ ಹೇಳಿಬಿಡಬಹುದು. ನಮೂದಿಗೆ ಬೇಕಾದ ಕ್ರಮ ಬೇರೆ: ಶೀರ್ಷಿಕೆ ಪುಟದಲ್ಲಿ ಅಚ್ಚಾದದ್ದನ್ನು ಅಚ್ಚಾದಂತೆಯೇ ಇಳಿಸು, ನಿನ್ನ ತಿಳಿವಳಿಕೆಯಿಂದ ತಿದ್ದಬೇಡ, ಭಿನ್ನಾಭಿಪ್ರಾಯವಿದ್ದರೆ ಟಿಪ್ಪಣಿಯಲ್ಲಿ ಬರೆ, ಪುಟದಲ್ಲಿ ಇಲ್ಲದ ವಿವರದ ಜಾಗ ಖಾಲಿ ಬಿಡು. ಇದರ ಜೊತೆ ಈಗಾಗಲೇ ಸರಿಯಾಗಿ ಮಾಡಿದ ಎರಡು ನಮೂದುಗಳನ್ನು ಮಾದರಿಯಾಗಿ ಅಂಟಿಸಿದರೆ ಉದ್ದದ ವಿವರಣೆ ಬೇಕಾಗುವುದಿಲ್ಲ. ಕೆಲವೇ ಉದಾಹರಣೆಗಳಿಂದ ಭಾಷಾ ಮಾದರಿ ಹೊಸ ಕೆಲಸದ ಅಚ್ಚನ್ನು ಹಿಡಿಯುತ್ತದೆ ಎಂಬುದನ್ನು ಜಿಪಿಟಿ-3 ಕುರಿತ 2020ರ ಪ್ರಬಂಧವೇ ತೋರಿಸಿತ್ತು. ವರ್ಗೀಕರಣದ ಅಂಕಿಯನ್ನು ಮಾತ್ರ ಕೈಯಲ್ಲೇ ತಾಳೆ ನೋಡಬೇಕು. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಒಂದು ಅಂಕಿ ಜಾರಿದರೆ ಪುಸ್ತಕ ಬೇರೆ ಭಾಷೆಯ ಕಪಾಟಿಗೆ ಹೋಗುತ್ತದೆ, ಹಾಗೆ ಹೋದ ಪುಸ್ತಕ ಕಳೆದ ಪುಸ್ತಕವೇ.

ಅಮೆರಿಕದ ಗ್ರಂಥಪಾಲಕ ಲಿಯೋ ಲೋ 2023ರಲ್ಲಿ ಪ್ರಾಂಪ್ಟಿಗೆ ಐದು ಗುಣ ಹೇಳಿದರು: ಚುಟುಕು, ತರ್ಕಬದ್ಧತೆ, ಸ್ಪಷ್ಟತೆ, ಬದಲಿಸಿಕೊಳ್ಳುವುದು, ಬಂದದ್ದನ್ನು ಮರುಪರೀಕ್ಷಿಸುವುದು. ಕನ್ನಡದ ಗ್ರಂಥಾಲಯಗಳಿಗೆ ಕೊನೆಯ ಎರಡು ಹೆಚ್ಚು ಮುಖ್ಯ. ಚುಟುಕು ಎಂಬುದನ್ನು ಅಕ್ಷರಶಃ ಪಾಲಿಸಹೊರಟರೆ ಈ ಭಾಗದ ಊರುಗಳೇ ಕೈತಪ್ಪಿ ಹೋಗುತ್ತವೆ.

ಏಕೆಂದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ವಾಡಿ ಎಂದರೆ ಅರಬ್ಬಿಯಲ್ಲಿ ಒಣ ಹಳ್ಳದ ಪಾತ್ರ, ಮರಾಠಿಯಲ್ಲಿ ಸಣ್ಣ ಊರು, ನಾಗಪುರದ ಪಕ್ಕದಲ್ಲೂ ಒಂದು ವಾಡಿ. ಶಹಾಬಾದ್ ಎಂಬ ಊರು ಉತ್ತರ ಪ್ರದೇಶದಲ್ಲಿದೆ, ಹರಿಯಾಣದಲ್ಲಿದೆ. ಬಿಹಾರದಲ್ಲಿ ಆ ಹೆಸರಿನ ಜಿಲ್ಲೆಯೇ ಇತ್ತು. ಚಿಂಚೋಳಿಗಳು ಮಹಾರಾಷ್ಟ್ರದಲ್ಲಿ ಹಲವು. ನಮ್ಮ ಶಹಾಬಾದಿನ ಹಾಸುಗಲ್ಲಿನ ಬಗ್ಗೆ ಕೇಳುವವರು ‘ಕರ್ನಾಟಕದ ಕಲಬುರಗಿ ಜಿಲ್ಲೆಯ, ಹಿಂದಿನ ಹೈದರಾಬಾದ್ ಸಂಸ್ಥಾನದ’ ಎಂದು ಸೇರಿಸಲೇಬೇಕು. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಸೇಡಂ ಸೇರಂ ಆಗಿದೆ, ಕಲಬುರಗಿ ಗುಲ್ಬರ್ಗ ಆಗಿದೆ, ಮಳಖೇಡವೇ ಮಾನ್ಯಖೇಟ. ಎಲ್ಲ ರೂಪಗಳನ್ನೂ ಕೊಡದಿದ್ದರೆ ಹುಡುಕಾಟ ಅರ್ಧಕ್ಕೇ ನಿಲ್ಲುತ್ತದೆ. ಇಸವಿಯದೂ ಇದೇ ಕಥೆ. ನಿಜಾಮರ ಕಾಲದ ಉರ್ದು ಕಾಗದಗಳಲ್ಲಿ ಫಸಲಿ ಲೆಕ್ಕ. ಅದಕ್ಕೆ ಸುಮಾರು 590 ಕೂಡಿಸಿದರೆ ನಮ್ಮ ಇಸವಿ. 1357 ಫಸಲಿ ಎಂದರೆ 1947-48. ‘ಮೂಲದ ಅಂಕಿಯನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಇಸವಿ ಕೊಡು’ ಎಂಬ ಒಂದು ಸಾಲು ದೊಡ್ಡ ಗೊಂದಲವನ್ನು ತಡೆಯುತ್ತದೆ.

ಲಿಪಿಯ ಲೆಕ್ಕವೂ ಉಂಟು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಮೂರು. ಇಂಗ್ಲಿಷಿನ ಲೈಬ್ರರಿ ಪದಕ್ಕೆ 7 ಬೈಟ್ ಸಾಕು, ‘ಗ್ರಂಥಾಲಯ’ಕ್ಕೆ 24 ಬೇಕು. ಇಂಗ್ಲಿಷನ್ನೇ ಹೆಚ್ಚು ಓದಿದ ಮಾದರಿಗಳು ಕನ್ನಡ ಪದವನ್ನು ಹೆಚ್ಚು ಚೂರು ಮಾಡುತ್ತವೆ. ಮಾದರಿ ಒಮ್ಮೆಗೆ ನೋಡಬಲ್ಲ ಚೂರುಗಳಿಗೆ ಮಿತಿ ಇರುವುದರಿಂದ ಉದ್ದದ ಪಟ್ಟಿಯನ್ನು ಒಂದೇ ಸಲ ಸುರಿಯದೆ ಕಂತುಕಂತಾಗಿ ಕೊಡುವುದು ಲೇಸು. ಇದಕ್ಕಾಗಿ ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಕೇಳಬೇಕೆಂಬ ಸಲಹೆ ಒಪ್ಪತಕ್ಕದ್ದಲ್ಲ. ಸೂಚನೆಯನ್ನು ಎರಡೂ ಭಾಷೆಯಲ್ಲಿ ಕೊಟ್ಟು ನೋಡಬಹುದು, ಆದರೆ ಪುಸ್ತಕದ ಹೆಸರು, ಊರಿನ ಹೆಸರು ಕನ್ನಡ ಲಿಪಿಯಲ್ಲೇ ಇರಬೇಕು. ಓದುಗರ ಹೆಸರು, ಫೋನ್ ನಂಬರು, ಅವರು ಒಯ್ದ ಪುಸ್ತಕಗಳ ವಿವರ ಮಾತ್ರ ಯಾವ ಪ್ರಾಂಪ್ಟಿಗೂ ಹೋಗಕೂಡದು.

ನಾಗಾವಿಯ ಆ ಶಾಸನವನ್ನೇ ಹುಡುಕಿಕೊಂಡು ಚಿತ್ತಾಪುರದ ವಿದ್ಯಾರ್ಥಿಯೊಬ್ಬ ಬಂದನೆಂದುಕೊಳ್ಳಿ. ‘ನಾಗಾವಿ ಶಾಸನ’ ಎಂದಷ್ಟೇ ಬರೆದರೆ ಮುಖ್ಯ ಪ್ರಕಟಣೆ ಸಿಗದೇ ಹೋಗಬಹುದು. ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸಿನ 8ನೇ ಸಂಪುಟದಲ್ಲಿ ಊರಿನ ಹೆಸರು ಅಚ್ಚಾಗಿರುವುದು ‘ನಾಗೈ’ ಎಂದು. ಊರಿನ ಎರಡು ಹೆಸರು, ಶಕ ವರ್ಷ 980, ತ್ರೈಲೋಕ್ಯಮಲ್ಲನ ಹೆಸರು, ‘ಘಟಿಕಾಸ್ಥಾನ’ ಮತ್ತು ‘ಸರಸ್ವತೀ ಭಂಡಾರಿಗ’ ಎಂಬ ಪದಗಳು, ಇಷ್ಟನ್ನು ಪ್ರಾಂಪ್ಟಿನಲ್ಲಿ ಸೇರಿಸಿ, ಸಿಕ್ಕಿದ್ದನ್ನು ಸಂಪುಟದ ಪುಟದ ಜೊತೆ ತಾಳೆ ನೋಡಿ, ಆ ಪುಟವನ್ನೇ ಹುಡುಗನ ಮುಂದೆ ತೆರೆದಿಡಬೇಕು.