ಕಾಶಿಯಲ್ಲಿ ಬಿಟ್ಟು ಬರುವುದಷ್ಟೇ ಅಲ್ಲ, ಹೊಸ ರುಚಿ ಕಟ್ಟಿಕೊಂಡೂ ಬರಬಹುದು

ವಾರಾಣಸಿ: ಯಾತ್ರೆ ಮುಗಿಸಿ ಬಂದ ಹಿರಿಯರನ್ನು ಊಟಕ್ಕೆ ಕರೆದಾಗ ಮನೆಯಾಕೆ ಮೊದಲು ಕೇಳುವ ಪ್ರಶ್ನೆ, "ಕಾಶಿಯಲ್ಲಿ ಏನು ಬಿಟ್ಟು ಬಂದಿದ್ದೀರಿ?" ಎಂಬುದು. ಕಾಶಿಗೋ ಗಯೆಗೋ ಹೋದವರು ಒಂದು ತರಕಾರಿ, ಒಂದು ಹಣ್ಣನ್ನು ಬಿಟ್ಟು ಬರುವ ಪದ್ಧತಿ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಉಳಿದಿದೆ. ತೀರಾ ಇಷ್ಟವಾದುದನ್ನೇ ಬಿಡಬೇಕೆಂಬುದು ಶಾಸ್ತ್ರವಾದರೂ ಹಾಗಲಕಾಯಿಯನ್ನು ಬಿಟ್ಟು ಪುಣ್ಯ ಕಟ್ಟಿಕೊಂಡವರ ಸಂಖ್ಯೆ ಕಡಿಮೆಯೇನಲ್ಲ! ಬಿಟ್ಟು ಬರುವ ವಿಚಾರದಲ್ಲಿ ಇಷ್ಟೊಂದು ಆಸ್ಥೆ ತೋರುವ ಯಾತ್ರಿಕರು ಅದೇ ಊರಿನ ಪೇಟೆಯಲ್ಲಿ ರಾಶಿ ಬಿದ್ದಿರುವ ಆರೋಗ್ಯಕರ ತಿನಿಸುಗಳತ್ತ ತಿರುಗಿ ನೋಡುವುದು ಮಾತ್ರ ಅಪರೂಪ.

ಕಾಶಿಗೂ ಕನ್ನಡಿಗರಿಗೂ ಇರುವ ನಂಟು ಹಳೆಯದು. ಗೋದೌಲಿಯಾ ಸಮೀಪದ ಜಂಗಮವಾಡಿ ಮಠ, ಹನುಮಾನ್ ಘಾಟ್ ಪರಿಸರ, ಗಂಗೆಯ ದಂಡೆಯಲ್ಲಿ ಕರ್ನಾಟಕದ ಹೆಸರನ್ನೇ ಹೊತ್ತ ಘಾಟ್, ಇವೆಲ್ಲ ಅದಕ್ಕೆ ಸಾಕ್ಷಿ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟ ಮೇಲೆ ಯಾತ್ರೆ ಇನ್ನಷ್ಟು ಸುಲಭವಾಗಿದೆ. ಮುಂಬಯಿ ಕನ್ನಡಿಗರಿಗಂತೂ ಮಹಾನಗರಿ, ಕಾಮಾಯನಿ ರೈಲುಗಳು ಮೊದಲಿನಿಂದಲೂ ಪರಿಚಿತ. ಆದರೆ ರೈಲಿನಿಂದ ಇಳಿದವರು ಮೊದಲು ಹುಡುಕುವುದು ಇಡ್ಲಿ, ದೋಸೆ, ಅನ್ನ ಸಾರು ಸಿಗುವ ಜಾಗವನ್ನು. ಅದರಲ್ಲಿ ತಪ್ಪೇನಿಲ್ಲ, ವಯಸ್ಸಾದವರ ಹೊಟ್ಟೆಗೆ ಪರಿಚಿತ ಊಟವೇ ಹಿತ. ಇನ್ನು ಸ್ಥಳೀಯ ರುಚಿ ಎಂದು ಹೊರಟವರು ಕಚೋರಿ, ಜಿಲೇಬಿ, ಲಸ್ಸಿ, ಚಳಿಗಾಲವಾದರೆ ಹಾಲಿನ ನೊರೆಯ ಮಲೈಯೊ, ಇಷ್ಟಕ್ಕೇ ತೃಪ್ತರಾಗುತ್ತಾರೆ. ಒಂದು ದಿನಕ್ಕೆ ಅದೂ ಸೊಗಸೇ. ಕಾಶಿಯ ಜನ ಪ್ರತಿದಿನ ಮನೆಯಲ್ಲಿ ಉಣ್ಣುವುದು ಬೇರೆಯೇ ಇದೆ.

ಈ ಮಾತಿಗೆ ಇಂದು ಮಹತ್ವ ಬಂದಿರುವುದಕ್ಕೆ ಕಾರಣವಿದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ನಗರ ಸೇರಿದ ಕನ್ನಡಿಗರ ತಟ್ಟೆಯಿಂದ ರಾಗಿ, ಜೋಳ, ಕುಚ್ಚಲಕ್ಕಿ ಒಂದೊಂದಾಗಿ ಸರಿದು ಬಿಳಿ ಅಕ್ಕಿ, ಮೈದಾ, ಸಾಬೂದಾನ ಆ ಜಾಗಕ್ಕೆ ಬಂದಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ ಎಂದು ಅಂದಾಜಿಸಿತು. ಸಂಘದ ಯಾವುದೇ ಕಾರ್ಯಕ್ರಮದಲ್ಲಿ ಊಟದ ಸಾಲಿಗೆ ಹೋದರೂ "ನನಗೆ ಸಿಹಿ ಬೇಡ" ಎಂಬ ಮಾತು ಕಿವಿಗೆ ಬೀಳದೆ ಇರದು. ಬೇಡ ಎನ್ನುವುದರ ಪಟ್ಟಿ ಉದ್ದವಾಗುತ್ತಾ ಹೋದಾಗ, ಬೇಕು ಎನ್ನುವುದರ ಪಟ್ಟಿಗೂ ಒಂದೆರಡು ಹೆಸರು ಸೇರಬೇಕಲ್ಲವೇ?

ಮೊದಲ ಹೆಸರು ಸತ್ತು. ಕಡಲೆಯನ್ನು ಬಿಸಿ ಮರಳಿನಲ್ಲಿ ಹುರಿದು ಬೀಸಿದ ಹಿಟ್ಟು ಇದು. ಕೆಲವೆಡೆ ಬಾರ್ಲಿಯನ್ನೂ ಬೆರೆಸುತ್ತಾರೆ. ರಾಗಿ ಹುರಿಹಿಟ್ಟು ತಿಂದು ಬೆಳೆದವರಿಗೆ ಇದರ ಪರಿಮಳ ಹೊಸದೆನಿಸದು. 100 ಗ್ರಾಂ ಕಡಲೆ ಸತ್ತುವಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನು, ಜೊತೆಗೆ ಸಾಕಷ್ಟು ನಾರು ಇದೆ. ಪೂರ್ವ ಉತ್ತರ ಪ್ರದೇಶ ಮತ್ತು ಬಿಹಾರದಲ್ಲಿ ಬಿಸಿಲಿಗೆ ದುಡಿಯುವವರ ಬುತ್ತಿಯೇ ಇದು. ಹಿಟ್ಟಿಗೆ ಉಪ್ಪು, ನೀರು ಹಾಕಿ ಕಲಸಿ ಉಂಡೆ ಮಾಡಿ, ಈರುಳ್ಳಿ, ಹಸಿಮೆಣಸು ಕಚ್ಚಿಕೊಂಡು ತಿಂದುಬಿಡುತ್ತಾರೆ. ಒಲೆಯೇ ಬೇಡದ ಮುದ್ದೆ ಎಂದರೆ ತಪ್ಪಾಗಲಾರದು. ಏಪ್ರಿಲ್ 14ರ ಆಸುಪಾಸಿನ ಮೇಷ ಸಂಕ್ರಾಂತಿಯಂದು ಸತ್ತು ತಿನ್ನುವುದೇ ಹಬ್ಬ. ಅದಕ್ಕೆ ಸತುವಾನ್ ಎಂದೇ ಹೆಸರು.

ಮೊದಲ ಸಲ ರುಚಿ ನೋಡುವವರಿಗೆ ಮಜ್ಜಿಗೆಯೇ ಸುಲಭ ದಾರಿ. ಎರಡು ದೊಡ್ಡ ಚಮಚ ಸತ್ತುವನ್ನು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಲೋಟ ತೆಳು ಮಜ್ಜಿಗೆ, ಉಪ್ಪು, ಹುರಿದ ಜೀರಿಗೆ ಪುಡಿ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಸೇರಿಸಿ, ಮೇಲೆ ಇಂಗು ಕರಿಬೇವಿನ ಒಗ್ಗರಣೆ ಕೊಟ್ಟರಾಯಿತು. ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಧಾವಂತದಲ್ಲಿ ಬ್ರೆಡ್ಡು ಬಿಸ್ಕತ್ತಿನಲ್ಲೇ ನಾಷ್ಟಾ ಮುಗಿಸುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಬೆಲ್ಲ, ತುಪ್ಪ ಹಾಕಿ ಉಂಡೆ ಕಟ್ಟಿದರೆ ಮಕ್ಕಳೂ ತಿನ್ನುತ್ತಾರೆ. ಆದರೆ ನಾರು ಹೆಚ್ಚಿರುವ ಯಾವುದನ್ನೇ ಆಗಲಿ ಮೊದಲ ದಿನವೇ ಎರಡು ಮೂರು ಲೋಟ ಕುಡಿದರೆ ಹೊಟ್ಟೆ ಉಬ್ಬರಿಸುವುದು ಖಂಡಿತ. ಮೂತ್ರಪಿಂಡದ ತೊಂದರೆಯಿಂದ ಪ್ರೋಟೀನು ಮಿತಿಗೊಳಿಸಿಕೊಂಡವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಚಳಿಗಾಲದಲ್ಲಿ ಕಾಶಿಯ ತರಕಾರಿ ಗಾಡಿಗಳ ತುಂಬ ಬಥುವಾ ಸೊಪ್ಪು. ಗೋಧಿ ಹೊಲದಲ್ಲಿ ಕಳೆಯಂತೆ ತಾನೇ ಹುಟ್ಟುವ ಈ ಸೊಪ್ಪು ಬಯಲುಸೀಮೆಯವರು ಸಾರಿಗೆ ಹಾಕುವ ಚಕ್ಕೋತ ಸೊಪ್ಪಿನ ಬಳಗಕ್ಕೆ ಸೇರಿದ್ದು. ಅಲ್ಲಿಯವರು ಉದ್ದಿನಬೇಳೆಯೊಡನೆ ಬೇಯಿಸುತ್ತಾರೆ, ಮೊಸರಿಗೆ ಹಾಕುತ್ತಾರೆ, ಪರೋಟದ ಹಿಟ್ಟಿಗೂ ಕಲಸುತ್ತಾರೆ. ಹಳೆ ಮೈಸೂರಿನವರು ಇದನ್ನು ಕಣ್ಣು ಮುಚ್ಚಿಕೊಂಡು ಮಸ್ಸೊಪ್ಪಿಗೆ ಸೇರಿಸಬಹುದು. ಕರಾವಳಿಯವರಿಗೆ ತಂಬುಳಿ ಇದ್ದೇ ಇದೆ: ಬೇಯಿಸಿ ಹಿಂಡಿದ ಸೊಪ್ಪು, ಒಂದು ಹಿಡಿ ತೆಂಗಿನ ತುರಿ, ಜೀರಿಗೆ, ನಾಲ್ಕು ಕಾಳುಮೆಣಸು ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಬಥುವಾ ಎಂದು ಗುರುತಿಸುವುದೇ ಕಷ್ಟ. ಇದರಲ್ಲಿ ಆಕ್ಸಲೇಟ್ ಅಂಶ ಹೆಚ್ಚು. ಹೀಗಾಗಿ ಬೇಯಿಸಿದ ನೀರನ್ನು ಚೆಲ್ಲುವುದು ಒಳ್ಳೆಯದು, ಮೂತ್ರದ ಕಲ್ಲಿನ ತೊಂದರೆ ಇರುವವರು ದೂರವಿರುವುದು ಇನ್ನೂ ಒಳ್ಳೆಯದು.

ಅದೇ ಕಾಲಕ್ಕೆ ಬರುವ ಚೂಡಾ ಮಟರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಳೆ ಹಸಿ ಬಟಾಣಿಯನ್ನು ತುಪ್ಪದಲ್ಲಿ ಶುಂಠಿ, ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ನೆನೆದ ಅವಲಕ್ಕಿ ಸೇರಿಸಿ ನಿಂಬೆರಸ ಹಿಂಡುವುದು, ಅಷ್ಟೇ. ಒಗ್ಗರಣೆ ಅವಲಕ್ಕಿಯ ಕಾಶಿ ಸೋದರ. ಅವಲಕ್ಕಿಗಿಂತ ಬಟಾಣಿಯೇ ಮುಂದಿರಬೇಕು ಎಂಬುದಷ್ಟೇ ನೆನಪಿನಲ್ಲಿರಬೇಕಾದ ಗುಟ್ಟು.

ಗಂಗೆಯ ಆಚೆ ದಡದ ರಾಮನಗರದ ಬದನೆ ಉಡುಪಿ ಕಡೆಯವರಿಗೆ ಮಟ್ಟು ಗುಳ್ಳವನ್ನು ನೆನಪಿಸದೆ ಇರದು. ಮಟ್ಟು ಗುಳ್ಳಕ್ಕೆ 2011ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ ಮಾನ್ಯತೆ 2023ರಲ್ಲಿ ರಾಮನಗರದ ಬದನೆಗೂ ದೊರೆಯಿತು. ಬನಾರಸಿ ಲಂಗಡಾ ಮಾವು, ಬನಾರಸಿ ಪಾನ್‌ಗೂ ಮಾನ್ಯತೆ ಬಂದದ್ದು ಆಗಲೇ. ದಪ್ಪನೆಯ ಈ ಬದನೆಯನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಬೆಳ್ಳುಳ್ಳಿ, ಹಸಿಮೆಣಸು, ಸಾಸಿವೆ ಎಣ್ಣೆ ಹಾಕಿ ಕಿವುಚಿದರೆ ಚೋಖಾ. ಸಾಸಿವೆ ಎಣ್ಣೆಯ ಘಾಟು ಹಿಡಿಸದವರು ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿಕೊಂಡರೆ ಅಜ್ಜಿ ಮಾಡುತ್ತಿದ್ದ ಸುಟ್ಟ ಬದನೆಕಾಯಿ ಗೊಜ್ಜೇ ಸಿದ್ಧ. ಇನ್ನು ಪರವಲ್ ಎಂಬ ತರಕಾರಿ ತೊಂಡೆಕಾಯಿಯ ಅಣ್ಣನಂತೆ ಕಂಡರೂ ಪಡುವಲಕಾಯಿಯ ಕುಲದ್ದು. ತೊಂಡೆಕಾಯಿ ಪಲ್ಯದಂತೆಯೇ ಮಾಡಿ ಕಾಯಿತುರಿ ಉದುರಿಸಬಹುದು. ಬೀಜ ಬಲಿತಿದ್ದರೆ ತೆಗೆಯಬೇಕು.

ಏಕಾದಶಿ, ಸಂಕಷ್ಟಿಯ ಉಪವಾಸದ ಮಾತಿಗೆ ಬಂದರೆ ಕಾಶಿಯವರಿಂದ ಕಲಿಯುವುದು ನಿಜಕ್ಕೂ ಇದೆ. ಮುಂಬಯಿಗೆ ಬಂದ ಮೇಲೆ ಕನ್ನಡಿಗರ ಮನೆಗಳಲ್ಲೂ ಉಪವಾಸವೆಂದರೆ ಸಾಬೂದಾನ ಖಿಚಡಿ ಎಂದಾಗಿದೆ. ಮರಗೆಣಸಿನಿಂದ ತೆಗೆದ ಸಾಬೂದಾನ ಹೆಚ್ಚುಕಡಿಮೆ ಬರೀ ಪಿಷ್ಟ. ಕಾಶಿಯ ಮನೆಗಳಲ್ಲಿ ಅದರ ಜೊತೆಗೆ ರಾಮದಾನಾ ಇದೆ, ಸಿಂಘಾಡಾ ಇದೆ, ಮಖಾನಾ ಇದೆ. ರಾಮದಾನಾ ಎಂದರೆ ಮುಂಬಯಿಯ ರಾಜಗಿರಾ. ದಂಟಿನ ಸೊಪ್ಪಿನ ಬಳಗದ ಗಿಡದ ಸಣ್ಣ ಬೀಜ. ಅಕ್ಕಿಗಿಂತ ಇದರಲ್ಲಿ ಪ್ರೋಟೀನು ಹೆಚ್ಚು. ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಚಮಚ ಹಾಕಿದರೆ ಕ್ಷಣದಲ್ಲಿ ಅರಳುತ್ತದೆ. ಅರಳನ್ನು ಹಾಲಿಗೆ, ಮೊಸರಿಗೆ ಹಾಕಿಕೊಂಡರೆ ಬೇರೆ ಅಡುಗೆಯೇ ಬೇಡ. ಬೆಲ್ಲದ ಪಾಕದ ಲಡ್ಡು ರುಚಿಯೇ, ಆದರೆ ಮಧುಮೇಹಿಗಳಿಗಲ್ಲ.

ಮಖಾನಾವನ್ನು ತಾವರೆ ಬೀಜ ಎಂದು ಕರೆಯುವುದುಂಟು. ವಾಸ್ತವದಲ್ಲಿ ಅದು ತಾವರೆಯದಲ್ಲ, ಕೊಳಗಳಲ್ಲಿ ಬೆಳೆಯುವ ಮುಳ್ಳಿನ ನೈದಿಲೆ ಜಾತಿಯ ಗಿಡದ ಬೀಜವನ್ನು ಹುರಿದು ಅರಳಿಸಿದ್ದು. ಕಾಶಿಗೆ ಬರುವುದು ಹೆಚ್ಚಾಗಿ ಪಕ್ಕದ ಬಿಹಾರದಿಂದ. ಅರ್ಧ ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಗರಿಗರಿಯಾಗುವಂತೆ ಹುರಿದು ಉಪ್ಪು, ಮೆಣಸಿನ ಪುಡಿ ಉದುರಿಸಿದರೆ ಸಂಜೆಯ ಚಹಾಕ್ಕೆ ಚಕ್ಕುಲಿ, ಚಿಪ್ಸ್ ಬದಲಿಗೆ ನಡೆಯುತ್ತದೆ. ಮಾರುಕಟ್ಟೆಯಲ್ಲಿ ಇದಕ್ಕೆ ಕೊಡುತ್ತಿರುವ ಪ್ರಚಾರ ಮಾತ್ರ ಸ್ವಲ್ಪ ಅತಿಯೇ. ಹತ್ತಿಯಂತೆ ಹಗುರವಾಗಿದ್ದರೂ ತೂಕದ ಮುಕ್ಕಾಲು ಪಾಲು ಪಿಷ್ಟವೇ. ಒಂದು ಬಟ್ಟಲು ಸರಿ, ಟಿವಿ ನೋಡುತ್ತಾ ಇಡೀ ಡಬ್ಬಿ ಖಾಲಿ ಮಾಡಿದರೆ ಪ್ರಯೋಜನವಿಲ್ಲ.

ಸಿಂಘಾಡಾ ನೀರಿನಲ್ಲಿ ಬೆಳೆಯುವ, ಎರಡು ಕೊಂಬಿರುವ ಕಾಯಿ. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ತಳ್ಳುಗಾಡಿಗಳಲ್ಲಿ ಹಸಿಯಾಗಿಯೂ ಬೇಯಿಸಿಯೂ ಮಾರುತ್ತಾರೆ. ಒಳಗಿನ ಬಿಳಿ ತಿರುಳು ಬೇಯಿಸಿದಾಗ ಗೆಣಸಿಗೂ ಕಡಲೆಕಾಯಿಗೂ ನಡುವಿನ ರುಚಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊಳದ ಗಿಡಗಳ ಸಿಪ್ಪೆಗೆ ಕರುಳಿನ ಪರೋಪಜೀವಿ ಹುಳದ ಸೂಕ್ಷ್ಮ ಕೋಶಗಳು ಅಂಟಿಕೊಂಡಿರುವ ಸಂಭವವಿದ್ದು, ಹಸಿ ಕಾಯಿಯ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ತೆಗೆಯುವುದರಿಂದ ಅವು ಹೊಟ್ಟೆ ಸೇರುತ್ತವೆ. ಆದ್ದರಿಂದ ಯಾತ್ರಿಕರು ಬಿಸಿಬಿಸಿಯಾಗಿ ಬೇಯಿಸಿದ್ದನ್ನೇ ಕೊಳ್ಳುವುದು ಕ್ಷೇಮ.

ಉಳಿದದ್ದು ಬಿಲ್ವ. ವಿಶ್ವನಾಥನಿಗೆ ಪತ್ರೆ ಏರಿಸುವ ಕನ್ನಡಿಗರಲ್ಲಿ ಆ ಮರದ ಹಣ್ಣು ತಿಂದವರು ಎಷ್ಟು ಮಂದಿ? ಕಾಶಿಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಬೀದಿ ಬೀದಿಯಲ್ಲಿ ಸಿಗುವುದು ಇದರದೇ ಶರಬತ್ತು. ಹಿಂದಿಯಲ್ಲಿ ಇದಕ್ಕೆ ಬೇಲ್ ಎನ್ನುತ್ತಾರೆ. ಕನ್ನಡದ ಬೇಲದ ಹಣ್ಣು ಬೇರೆ, ಅದನ್ನು ಅಲ್ಲಿ ಕೈಥಾ ಎಂದು ಕೇಳಬೇಕು. ಹೆಸರು ಕೇಳಿ ಮೋಸಹೋದವರು ಇದ್ದಾರೆ. ರಾಮನವಮಿಗೆ ಬೇಲದ ಹಣ್ಣಿನ ಪಾನಕ ಮಾಡಿ ಗೊತ್ತಿರುವ ಗೃಹಿಣಿಯರಿಗೆ ಬಿಲ್ವದ ಪಾನಕ ಕಷ್ಟವಲ್ಲ. ಗಟ್ಟಿ ಚಿಪ್ಪು ಒಡೆದು, ತಿರುಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಕೈಯಿಂದಲೇ ಕಿವುಚಿ ಸೋಸಬೇಕು. ಮಿಕ್ಸಿಗೆ ಹಾಕಿದರೆ ಬೀಜ ಅರೆದು ಕಹಿಯಾಗುತ್ತದೆ. ಹಣ್ಣೇ ಸಿಹಿಯಾದ್ದರಿಂದ ಬೆಲ್ಲ ಚಿಟಿಕೆಯಷ್ಟು ಸಾಕು, ಒಂದು ಏಲಕ್ಕಿ. ಬೀದಿಬದಿಯ ಶರಬತ್ತಿನಲ್ಲಿ ಬಳಸಿದ ನೀರು, ಐಸು ಎಲ್ಲಿಯದೆಂದು ತಿಳಿಯದಿದ್ದಾಗ ಹಣ್ಣನ್ನೇ ಕೊಂಡು ತಂಗಿದ ಕಡೆ ಮಾಡಿಕೊಳ್ಳುವುದು ಜಾಣತನ.

ಮರಳುವ ರೈಲಿಗೆ ಗಂಗಾಜಲದ ತಂಬಿಗೆಯೊಡನೆ ಕಟ್ಟಿಕೊಳ್ಳಲು ಸತ್ತು, ರಾಮದಾನಾ, ಮಖಾನಾ ಅನುಕೂಲ. ಸೊಪ್ಪು, ಹಣ್ಣು ಆಗದು. ಸತ್ತು ಅರ್ಧ ಕಿಲೋಗಿಂತ ಹೆಚ್ಚು ಬೇಡ, ಮುಂಬಯಿಯ ಮಳೆಗಾಲದ ತೇವಕ್ಕೆ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟು, ಖಾಲಿಯಾದ ಮೇಲೆ ಉತ್ತರ ಭಾರತೀಯರ ಕಿರಾಣಿ ಅಂಗಡಿಯಲ್ಲಿ ಕೇಳಿದರಾಯಿತು. ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಹೊಸದಾಗಿ ಬೀಸಿದ್ದು ಸಿಗುವ ಸಂಭವ ಹೆಚ್ಚು.