ಅತಿಥಿಯ ವಾಹನಕ್ಕೆ ಎಡೆಯೆಲ್ಲಿ?

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ತಲೆಯೆತ್ತಿ ನಿಂತಿರುವ ಬಹುಮಹಡಿ ಗೃಹಸಮುಚ್ಚಯಗಳ ಹೆಬ್ಬಾಗಿಲಿನಲ್ಲಿ ಒಂದು ಫಲಕವು ಸರ್ವಸಾಮಾನ್ಯವಾಗಿ ಕಾಣಬರುತ್ತದೆ. ಸಂದರ್ಶಕರು ತಮ್ಮ ವಾಹನಗಳನ್ನು ಹೊರಗೆ ನಿಲ್ಲಿಸತಕ್ಕದ್ದೆಂಬುದೇ ಅದರ ಆಜ್ಞೆ. ನೋಡುವವರಿಗೆ ಇದೊಂದು ದೊಡ್ಡ ಸಂಗತಿಯಾಗಿ ತೋರಲಾರದು. ಆದರೆ ‘ಹೊರಗೆ’ ಎಂಬ ಆ ಒಂದು ಮಾತಿನಲ್ಲಿ ಏನೇನು ಅಡಗಿದೆಯೆಂಬುದನ್ನು ಬಿಡಿಸಿ ನೋಡಬೇಕಾದುದು ಅವಶ್ಯವಾಗಿದೆ. ಹೊರಗೆಂದರೆ ಎಲ್ಲಿ? ರಸ್ತೆಯಲ್ಲಿ. ರಸ್ತೆಯು ಯಾರದು? ಆ ಸಮುಚ್ಚಯವನ್ನು ಕಟ್ಟಿ ಮಾರಿದ ಬಿಲ್ಡರನದಲ್ಲ, ಅದರೊಳಗೆ ವಾಸಿಸುವವರೊಬ್ಬರದೇ ಅಲ್ಲ. ತೆರಿಗೆ ಕೊಡುವ ಸಮಸ್ತ ಪೌರರದು. ಹಾಗಾದರೆ ಒಂದು ಮನೆಗೆ ಬಂದ ನೆಂಟರ ಭಾರವನ್ನು ಊರೆಲ್ಲರ ತಲೆಯ ಮೇಲೆ ಹೊರಿಸುವ ಅಧಿಕಾರವನ್ನು ಈ ಫಲಕಕ್ಕೆ ಕೊಟ್ಟವರಾರು?

ನಿಯಮವೇ ಇಲ್ಲದುದರಿಂದ ಈ ಸ್ಥಿತಿಯೊದಗಿತೆಂದು ಯಾರೂ ಭಾವಿಸಲಾಗದು. ೨೦೧೫ರ ಪರಿಷ್ಕೃತ ಮಹಾಯೋಜನೆಯೆಂಬ ಹೆಸರಿನಿಂದ ೨೦೦೭ರಲ್ಲಿ ಸರ್ಕಾರದ ಅನುಮೋದನೆ ಪಡೆದ ನಗರಯೋಜನೆಯ ವಲಯ ನಿಯಮಾವಳಿಯು ಈ ವಿಷಯದಲ್ಲಿ ಮೌನವಾಗಿಲ್ಲ. ೫೦ ಚದರ ಮೀಟರಿಗೆ ಮೀರದ ಸಣ್ಣ ಮನೆಗಳಾದರೆ ಎರಡಕ್ಕೆ ಒಂದರಂತೆ, ಅದಕ್ಕಿಂತ ದೊಡ್ಡವಾದರೆ ಮನೆಗೆ ಕನಿಷ್ಠ ಒಂದರಂತೆ ಕಾರಿನ ಸ್ಥಳವನ್ನು ನಿವೇಶನದ ಒಳಗಡೆಯೇ ಒದಗಿಸಬೇಕು. ಅದರ ಮೇಲೆ ಶೇಕಡಾ ೧೦ರಷ್ಟನ್ನು ಸಂದರ್ಶಕರಿಗಾಗಿ ಹೆಚ್ಚಾಗಿ ಕೊಡಬೇಕು ಎಂದು ಅದು ವಿಧಿಸಿದೆ. ನೂರು ಮನೆಗಳುಳ್ಳ ಒಂದು ಸಮುಚ್ಚಯವನ್ನು ತೆಗೆದುಕೊಂಡರೆ, ನಿವಾಸಿಗಳಿಗೆ ನೂರು, ಬಂದುಹೋಗುವವರಿಗೆ ಹತ್ತು ಎಂದಾಯಿತು. ಈ ಹತ್ತನ್ನು ನಕ್ಷೆಯಲ್ಲಿ ತೋರಿಸಿದ ಮೇಲೆಯೇ ಕಟ್ಟಡಕ್ಕೆ ಮಂಜೂರಾತಿ ದೊರೆಯಬೇಕು. ನಕ್ಷೆಯಲ್ಲಿದ್ದ ಹತ್ತು ಸ್ಥಳಗಳು ನೆಲದ ಮೇಲೆ ಏಕೆ ಕಾಣಿಸುವುದಿಲ್ಲ? ಪ್ರಶ್ನೆಯಿರುವುದು ಇಲ್ಲಿಯೇ.

ಅವು ಕರಗುವ ಬಗೆಯನ್ನು ತಿಳಿಯುವುದು ಕಷ್ಟವಲ್ಲ. ಮೊದಲನೆಯದಾಗಿ, ಎರಡು ಕಾರುಗಳುಳ್ಳ ಗಿರಾಕಿಯು ಬಂದಾಗ ಬಿಲ್ಡರನು ಅತಿಥಿಗಳ ಸ್ಥಳವೊಂದನ್ನು ಅವನಿಗೆ ಬೆಲೆಗೆ ಬರೆದುಕೊಡುವುದುಂಟು. ಎರಡನೆಯದಾಗಿ, ಕಟ್ಟಡವು ನಿವಾಸಿಗಳ ಸಂಘದ ಕೈಗೆ ಬಂದ ಮೇಲೆ, ಸಂಘವೇ ಉಳಿದ ಸ್ಥಳಗಳನ್ನು ತಿಂಗಳ ಬಾಡಿಗೆಗೆ ಸದಸ್ಯರಿಗೆ ಹಂಚಿ, ಆ ಹಣವನ್ನು ನಿರ್ವಹಣೆಯ ಲೆಕ್ಕಕ್ಕೆ ಸೇರಿಸಿಕೊಳ್ಳುವುದುಂಟು. ಮೂರನೆಯದಾಗಿ, ಯಾರೂ ಮಾರದೆ, ಯಾರೂ ಹಂಚದೆ, ರಾತ್ರಿ ತಡವಾಗಿ ಬಂದ ನಿವಾಸಿಯೊಬ್ಬನು ಬರಿದಾಗಿ ಕಂಡ ಎಡೆಯಲ್ಲಿ ತನ್ನ ಎರಡನೆಯ ಗಾಡಿಯನ್ನು ನಿಲ್ಲಿಸಿ, ಕ್ರಮೇಣ ಅದನ್ನು ತನ್ನದೆಂದೇ ಬಗೆಯುವುದುಂಟು. ಈ ಮೂರರಲ್ಲಿಯೂ ಕಾರಣವೊಂದೇ. ಒಳಗಿರುವವನಿಗೆ ಸಭೆಯಲ್ಲಿ ಬಾಯಿಯಿದೆ, ಮತವಿದೆ. ಅತಿಥಿಗೆ ಎರಡೂ ಇಲ್ಲ. ಹೇಳುವವರು ಕೇಳುವವರು ಇಲ್ಲದ ಸೊತ್ತು ಕೈಗೆಟುಕಿದವನ ಪಾಲಾಗುವುದು ಲೋಕರೂಢಿ.

ಕಾನೂನು ಇದಕ್ಕೆ ಸಮ್ಮತಿಸುತ್ತದೆಯೇ? ೧೯೭೨ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಅಧಿನಿಯಮವು ಅಂಗಳ, ತೋಟ, ನೆಲಮಾಳಿಗೆಗಳೊಡನೆ ವಾಹನ ನಿಲ್ಲಿಸುವ ಸ್ಥಳಗಳನ್ನೂ ಸಾಮಾನ್ಯ ಪ್ರದೇಶಗಳಲ್ಲಿ ಎಣಿಸಿದೆ. ೨೦೧೦ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಂಬಯಿಯ ಪಂಚಾಲಿ ಸಹಕಾರಿ ಗೃಹಸಂಘದ ವ್ಯಾಜ್ಯದಲ್ಲಿ, ಮಹಾರಾಷ್ಟ್ರದ ಕಾನೂನಿನ ಅನ್ವಯ, ಕಟ್ಟಡದ ಕೆಳಗೆ ಕಂಬಗಳ ನಡುವೆ ಇರುವ ನಿಲುಗಡೆಯ ಸ್ಥಳವು ಮನೆಯಿಂದ ಬೇರ್ಪಡಿಸಿ ಮಾರತಕ್ಕ ಸೊತ್ತಲ್ಲವೆಂದು ತೀರ್ಪಿತ್ತಿತು. ೨೦೧೬ರ ರೇರಾ ಅಧಿನಿಯಮವು ತೆರೆದ ನಿಲುಗಡೆಯ ಸ್ಥಳಗಳನ್ನು ಸಾಮಾನ್ಯ ಪ್ರದೇಶವೆಂದೇ ಹೇಳಿ, ಮೇಲೆ ಚಾವಣಿಯೂ ಮೂರು ಕಡೆ ಗೋಡೆಗಳೂ ಉಳ್ಳುದನ್ನು ಮಾತ್ರ ‘ಗ್ಯಾರೇಜು’ ಎಂದು ಬೇರೆ ಮಾಡಿತು. ತತ್ತ್ವವು ಹೀಗೆ ನಿಚ್ಚಳವಾಗಿದ್ದರೂ ಒಂದು ಬಿರುಕು ಉಳಿದಿದೆ. ೧೯೭೨ರ ಅಧಿನಿಯಮದ ಪ್ರಕಾರ, ಘೋಷಣಾಪತ್ರದಲ್ಲಿ ಬೇರೆ ವಿಧವಾಗಿ ಹೇಳಿಲ್ಲದಿದ್ದರೆ ಮಾತ್ರ ಆ ಸ್ಥಳಗಳು ಸಾಮಾನ್ಯ. ಆ ಘೋಷಣಾಪತ್ರವನ್ನು ಓದಿ ನೋಡಿ ಮನೆ ಕೊಳ್ಳುವವರು ಎಷ್ಟು ಮಂದಿ? ಜೀವಮಾನದ ಉಳಿತಾಯವನ್ನು ಸುರಿದು, ಸಾಲದ ಕಾಗದಗಳಿಗೆ ರುಜು ಹಾಕುವ ಅವಸರದಲ್ಲಿ, ಅತಿಥಿಗಳ ಹತ್ತು ಸ್ಥಳಗಳೆಲ್ಲಿ ಎಂದು ವಿಚಾರಿಸುವ ವ್ಯವಧಾನವು ಯಾರಿಗೂ ಇರುವುದಿಲ್ಲ.

ಇದರ ಫಲವನ್ನು ಅನುಭವಿಸುವವರು ಬೇರೆಯವರು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆಯು ಒಂದು ಕೋಟಿಯನ್ನು ದಾಟಿ ಹೋಗಿದೆ. ಮಲ್ಲೇಶ್ವರ, ಬಸವನಗುಡಿಗಳ ಬೀದಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಪ್ಲೇಗು ಮಾರಿಯ ದಿನಗಳ ಆಸುಪಾಸಿನಲ್ಲಿ, ಮೋಟಾರು ಗಾಡಿಯು ಈ ಊರಿಗೆ ಕಾಲಿಡುವುದಕ್ಕೆ ಮುಂಚೆ ಗುರುತಾದವು. ಅಲ್ಲಿ ಒಂದು ಕುಟುಂಬವಿದ್ದ ಹಳೆಯ ಮನೆಯನ್ನು ಕೆಡವಿ ಎಂಟು ಹತ್ತು ಕುಟುಂಬಗಳ ಕಟ್ಟಡವನ್ನು ಎಬ್ಬಿಸಿದಾಗ, ಮನೆಗಳು ಹೆಚ್ಚಿದುವೇ ಹೊರತು ಬೀದಿಯು ಒಂದಂಗುಲವೂ ಅಗಲವಾಗಲಿಲ್ಲ. ಎರಡು ಪಕ್ಕಗಳಲ್ಲಿಯೂ ಕಾರುಗಳು ನಿಂತ ಬೀದಿಯಲ್ಲಿ ಆಂಬುಲೆನ್ಸು ತಡೆದು ನಿಂತರೆ, ಅಗ್ನಿಶಾಮಕ ದಳದ ವಾಹನವು ತಿರುವಿನಲ್ಲಿ ಸಿಕ್ಕಿಕೊಂಡರೆ, ಅದರ ನಷ್ಟವು ನಿಮಿಷಗಳ ನಷ್ಟವಲ್ಲ, ಪ್ರಾಣದ ನಷ್ಟ. ಕಾಲುದಾರಿಯ ಮೇಲೆ ಗಾಡಿ ಏರಿ ನಿಂತುದರಿಂದ ವೃದ್ಧರೂ ಶಾಲೆಯ ಮಕ್ಕಳೂ ನಡುಬೀದಿಗಿಳಿದು ನಡೆಯಬೇಕಾಗಿದೆ.

ಇನ್ನು ಅತಿಥಿಯೆಂದರೆ ಯಾರೆಂಬುದನ್ನೂ ಯೋಚಿಸಬೇಕು. ಹಬ್ಬದೂಟಕ್ಕೆ ಬರುವ ನೆಂಟರಷ್ಟೇ ಅತಿಥಿಗಳಲ್ಲ. ಹಾಸಿಗೆ ಹಿಡಿದ ಮುದುಕಿಯನ್ನು ನೋಡಲು ಬರುವ ವೈದ್ಯನೂ, ದಿನಬೆಳಗಾದರೆ ಬರುವ ದಾದಿಯೂ, ನಲ್ಲಿ ರಿಪೇರಿಯವನೂ, ಅಡಿಗೆಯಾಕೆಯೂ, ಸಾಮಾನು ತಲುಪಿಸುವ ಹುಡುಗನೂ ಸಂದರ್ಶಕರೇ ಆಗಿದ್ದಾರೆ. ಮಂಡ್ಯದಿಂದಲೋ ತುಮಕೂರಿನಿಂದಲೋ ಮಗಳ ಮನೆಗೆ ಬಂದ ತಂದೆಯು, ಎರಡು ಬೀದಿಗಳಾಚೆ ಕಾರನ್ನು ನಿಲ್ಲಿಸಿ, ಮಂಡಿನೋವಿನ ಕಾಲನ್ನೆಳೆಯುತ್ತ ನಡೆದುಬರುವುದು ಯಾವ ನಾಗರಿಕತೆಯ ಲಕ್ಷಣ? ನಮ್ಮ ಹಳ್ಳಿಗಳಲ್ಲಿ ಬಂಡಿ ಕಟ್ಟಿಕೊಂಡು ನೆಂಟರು ಬಂದರೆ, ಎತ್ತುಗಳನ್ನು ಕೊರಳು ಬಿಚ್ಚಿ ತಮ್ಮ ಹಿತ್ತಿಲಿನಲ್ಲಿಯೇ ಕಟ್ಟಿ, ಅವಕ್ಕೆ ಹುಲ್ಲು ನೀರು ತೋರಿಸಿದ ಬಳಿಕ ಮನೆಯವರು ಮಾತಿಗೆ ಕುಳಿತುಕೊಳ್ಳುತ್ತಿದ್ದರು. ಬೀದಿಯ ಕಡೆಗೆ ಕಟ್ಟಿದ ಜಗುಲಿಯು ಮನೆಯವನ ಸ್ವಂತ ನೆಲದಲ್ಲಿ ಪರರಿಗೆಂದು ಬಿಟ್ಟ ಎಡೆಯಾಗಿದ್ದಿತು. ಬೀದಿಯನ್ನು ಕಬಳಿಸಿ ಆತಿಥ್ಯ ಮಾಡುವ ಪದ್ಧತಿಯು ನಮ್ಮದಾಗಿರಲಿಲ್ಲ.

ಹಾಗಾದರೆ ಶೇಕಡಾ ಹತ್ತನ್ನು ಇಪ್ಪತ್ತಾಗಿಯೋ ಮೂವತ್ತಾಗಿಯೋ ಏರಿಸಿದರೆ ಸಮಸ್ಯೆಯು ತೀರುವುದೆಂದು ಕೆಲವರು ಹೇಳುವರು. ಈ ಮಾತನ್ನು ನಾವು ಒಪ್ಪಲಾರೆವು. ಒಂದು ಕಾರು ನಿಲ್ಲುವ ನೆಲವು ಎರಡೂವರೆ ಮೀಟರು ಅಗಲ, ಐದೂವರೆ ಮೀಟರು ಉದ್ದ, ಎಂದರೆ ೧೩.೭೫ ಚದರ ಮೀಟರು. ಆದರೆ ಗಾಡಿ ಬಂದುಹೋಗುವ ದಾರಿ, ಇಳಿಜಾರು, ತಿರುವು ಎಲ್ಲವೂ ಕೂಡಿ ನೆಲಮಾಳಿಗೆಯಲ್ಲಿ ಕಾರೊಂದಕ್ಕೆ ೩೨ ಚದರ ಮೀಟರು ಬೇಕೆಂದು ಕೇಂದ್ರ ಸರ್ಕಾರದ ೨೦೧೬ರ ಮಾದರಿ ಕಟ್ಟಡ ಉಪವಿಧಿಗಳು ಎಣಿಕೆ ಹಾಕಿವೆ. ಆ ಪ್ರಕಾರ ಹತ್ತು ಅತಿಥಿಗಳ ಕಾರುಗಳಿಗೆ ೩೨೦ ಚದರ ಮೀಟರು ಆಯಿತು. ಮೂವತ್ತು ನಲವತ್ತರ ಮೂರು ನಿವೇಶನಗಳಿಗೆ ತುಸುವೇ ಕಡಿಮೆ. ಇದನ್ನು ಅಗೆದು ಕಟ್ಟುವ ವೆಚ್ಚವೆಲ್ಲವೂ ಮನೆಯ ಬೆಲೆಯಲ್ಲಿ ಸೇರುವುದು. ಕಾರಿಲ್ಲದವನೂ ಅದನ್ನು ತೆರಬೇಕಾಗುವುದು. ಸ್ಥಳವು ಹೆಚ್ಚಿದಷ್ಟೂ ಕಾರುಗಳು ಹೆಚ್ಚುವುವು. ಇದನ್ನರಿತೇ ಲಂಡನ್ ನಗರವು ೨೦೦೪ರಲ್ಲಿಯೂ, ಅಮೆರಿಕದ ಬಫಲೋ ನಗರವು ೨೦೧೭ರಲ್ಲಿಯೂ ಕಟ್ಟಡಗಳಿಗೆ ಇಷ್ಟು ನಿಲುಗಡೆ ಇರಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟವು.

ಹಾಗೆಂದು ಇಲ್ಲಿಯೂ ಕಡ್ಡಾಯವನ್ನು ಒಮ್ಮೆಗೇ ತೆಗೆದುಬಿಟ್ಟರೆ ಒಳಿತಾಗುವುದೇ? ರಸ್ತೆಯನ್ನು ಕಾಯುವ ಕೈಯಿಲ್ಲದ ಊರಿನಲ್ಲಿ ಅದರಿಂದ ಕೇಡೇ ಹೆಚ್ಚು. ಜಪಾನು ೧೯೬೨ರಲ್ಲಿ ಒಂದು ಕಾನೂನನ್ನು ಮಾಡಿ, ಕಾರಿಡಲು ಸ್ಥಳವಿದೆಯೆಂದು ತೋರಿಸುವ ಹೊಣೆಯನ್ನು ಕಾರಿನ ಒಡೆಯನ ಮೇಲೆಯೇ ಹೊರಿಸಿತು. ರಸ್ತೆಯನ್ನು ಗಾಡಿಯ ಮನೆಯನ್ನಾಗಿ ಮಾಡಿಕೊಳ್ಳುವುದನ್ನು ನಿಷೇಧಿಸಿತು. ಬೀದಿಯು ಸುಮ್ಮನೆ ಸಿಕ್ಕುವ ಎಡೆಯಲ್ಲವೆಂಬ ಭಾವನೆಯು ಅಲ್ಲಿ ಮೊದಲು ಬೇರೂರಿತು. ನಮ್ಮಲ್ಲಿ ಇಂತಹ ಪ್ರಸ್ತಾಪಗಳು ಹಲವು ಸಲ ಬಂದು ಹೋದುವೇ ಹೊರತು ನೆಲೆಗೊಳ್ಳಲಿಲ್ಲ. ಆದುದರಿಂದ ನಮಗೀಗ ಬೇಕಾದುದು ಹೊಸ ಸಂಖ್ಯೆಯಲ್ಲ. ಇರುವ ಸಂಖ್ಯೆಗೆ ಕಾವಲು.

ಈ ಕಾವಲು ದುಸ್ಸಾಧ್ಯವಾದುದೇನೂ ಅಲ್ಲ. ಸಂದರ್ಶಕರ ಸ್ಥಳಗಳನ್ನು ಮಂಜೂರಾದ ನಕ್ಷೆಯಲ್ಲಿ ಸಂಖ್ಯೆಯಿಟ್ಟು ಗುರುತಿಸಬೇಕು. ಅವು ಬೀಗ ಹಾಕಿದ ಎರಡನೆಯ ನೆಲಮಾಳಿಗೆಯ ಮೂಲೆಯಲ್ಲಿರದೆ, ಹೆಬ್ಬಾಗಿಲಿನ ಬಳಿ ನೆಲಮಟ್ಟದಲ್ಲಿರಬೇಕು; ಅಂಗವಿಕಲರಿಗೂ ಆಂಬುಲೆನ್ಸಿಗೂ ದ್ವಿಚಕ್ರವಾಹನಗಳಿಗೂ ಅಲ್ಲಿ ಪಾಲಿರಬೇಕು. ಸ್ವಾಧೀನಾನುಭವ ಪತ್ರವನ್ನು ಕೊಡುವ ಮುನ್ನ ಅಧಿಕಾರಿಯು ಅವನ್ನು ಕಣ್ಣಾರೆ ಎಣಿಸಿ ನೋಡಬೇಕು. ಎಣಿಸಿದ ಸಂಖ್ಯೆಯನ್ನು ಹೆಬ್ಬಾಗಿಲಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿಸಬೇಕು. ಮಾರಾಟಕ್ಕಿರುವ ಗ್ಯಾರೇಜುಗಳ ಸಂಖ್ಯೆಯನ್ನು ಬಿಲ್ಡರನು ರೇರಾ ನೋಂದಣಿಯ ಕಾಲದಲ್ಲಿ ತಿಳಿಸಬೇಕೆಂದು ಕಾನೂನು ಈಗಾಗಲೇ ಹೇಳುತ್ತದೆ. ಮಾರಲಾಗದ ಅತಿಥಿ ಸ್ಥಳಗಳ ಸಂಖ್ಯೆಯನ್ನೂ ಅದರ ಪಕ್ಕದಲ್ಲಿಯೇ ಘೋಷಿಸುವಂತಾಗಲಿ. ಘೋಷಣಾಪತ್ರದ ಯಾವ ಮಾತಿನಿಂದಲೂ ಅವನ್ನು ಖಾಸಗಿಯಾಗಿ ಮಾಡಲಾಗದೆಂಬ ತಿದ್ದುಪಡಿಯು ೧೯೭೨ರ ಅಧಿನಿಯಮಕ್ಕೆ ಬರಲಿ. ೨೦೨೫ರಲ್ಲಿ ಹಳೆಯ ಮಹಾನಗರ ಪಾಲಿಕೆಯು ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು ಬಂದಿವೆ. ಆಡಳಿತವು ಜನರ ಸಮೀಪಕ್ಕೆ ಬರಲೆಂದು ಈ ವಿಭಜನೆಯಾಯಿತೆಂದು ಹೇಳಲಾಗಿದೆ. ಹೊಸ ಪಾಲಿಕೆಗಳು ಆ ಮಾತನ್ನು ನಿಜಮಾಡಿ ತೋರಿಸಲು ಇದಕ್ಕಿಂತ ಸುಲಭವಾದ ಕಾರ್ಯವು ಮತ್ತೊಂದಿಲ್ಲ.

ಕೊನೆಯದಾಗಿ ನಿವಾಸಿಗಳಿಗೆ ಎರಡು ಮಾತು. ಬಿಲ್ಡರನನ್ನೂ ಅಧಿಕಾರಿಯನ್ನೂ ದೂರುವುದು ಸುಲಭ. ಆದರೆ ಅತಿಥಿಯ ಸ್ಥಳದಲ್ಲಿ ಎರಡನೆಯ ಕಾರನ್ನು ನಿಲ್ಲಿಸಿರುವವನು ಸರ್ಕಾರದವನಲ್ಲ, ನೆರೆಯವನು. ಅದನ್ನು ಬಾಡಿಗೆಗೆ ಕೊಡುವ ನಿರ್ಣಯಕ್ಕೆ ಕೈಯೆತ್ತಿದವರು ಪರಕೀಯರಲ್ಲ, ಸದಸ್ಯರು. ಇಷ್ಟು ಗಂಟೆಗಳವರೆಗೆ ನಿಲ್ಲಿಸಬಹುದು, ರಾತ್ರಿ ತಂಗುವವರು ಮೊದಲೇ ತಿಳಿಸಬೇಕು, ನಿವಾಸಿಯ ಗಾಡಿಗೆ ಅಲ್ಲಿ ಎಡೆಯಿಲ್ಲ ಎಂಬ ಮೂರು ಕಟ್ಟಳೆಗಳನ್ನು ಬರೆದು ನಡೆಸಲು ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ. ಸ್ವರಾಜ್ಯವೆಂಬುದು ಶಾಸನಸಭೆಯಲ್ಲಿ ಮಾತ್ರವೇ ಪರೀಕ್ಷೆಗೊಳಗಾಗುವ ವಸ್ತುವಲ್ಲ. ನೂರು ಮನೆಗಳವರು ಒಂದೆಡೆ ಸೇರಿ, ತಮ್ಮಲ್ಲಿ ಯಾರದೂ ಅಲ್ಲದ ಹತ್ತು ಸ್ಥಳಗಳನ್ನು ನ್ಯಾಯವಾಗಿ ಕಾಪಾಡಬಲ್ಲರೇ ಎಂಬುದರಲ್ಲಿಯೂ ಅದರ ಪರೀಕ್ಷೆಯಿದೆ. ಮುಂದಿನ ಸರ್ವಸದಸ್ಯರ ಸಭೆಗೆ ಮಂಜೂರಾದ ನಕ್ಷೆಯ ಪ್ರತಿಯೊಂದನ್ನು ತರಿಸಿ, ಆ ಹತ್ತು ಸ್ಥಳಗಳನ್ನು ನಮಗೆ ತೋರಿಸಿರಿ ಎಂದು ಕೇಳುವ ಒಬ್ಬ ಸದಸ್ಯನು ಪ್ರತಿಯೊಂದು ಸಮುಚ್ಚಯದಲ್ಲಿಯೂ ಎದ್ದು ನಿಲ್ಲಲಿ. ಉಳಿದುದು ಅಲ್ಲಿಂದ ತೊಡಗುವುದು.